ವಾಟಲ್ ಗುರುತಿಗೆ ಎಲೆಯ ಚಿತ್ರ ಬೇಕು

ಮಾನ್ಯ ಸಂಪಾದಕರೇ,

ಹಳದಿ ಗುಂಡುಹೂಗಳು ಜೋತಾಡುವ ಕೊಂಬೆಯೊಂದರ ಚಿತ್ರ ಹಾಕಿ, ಅದರಡಿ ‘ಆಸ್ಟ್ರೇಲಿಯಾದ ರಾಷ್ಟ್ರೀಯ ಪುಷ್ಪ’ ಎಂದು ಬರೆಯುವುದು ಪತ್ರಿಕೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಹೂವಿನ ಹಿಂದೆ ಇಣುಕುವ ಎಲೆಯನ್ನು ಯಾರೂ ನೋಡಿದಂತಿಲ್ಲ. ಆ ಎಲೆ ಜಾಲಿಯ ಎಲೆಯಂತೆ ಗರಿಗರಿಯಾಗಿ ಸೀಳಿದ್ದರೆ ಅದು ರಾಷ್ಟ್ರೀಯ ಪುಷ್ಪದ ಗಿಡವೇ ಅಲ್ಲ. 1988ರ ಸೆಪ್ಟೆಂಬರ್ 1ರಂದು ಆ ಪಟ್ಟ ಪಡೆದದ್ದು ಅಕೇಶಿಯಾ ಪಿಕ್ನಾಂತ, ರೂಢಿಯ ಹೆಸರು ಗೋಲ್ಡನ್ ವಾಟಲ್. ಬೆಳೆದ ಪಿಕ್ನಾಂತ ಗಿಡದಲ್ಲಿ ಇರುವುದು ಕುಡುಗೋಲಿನಂತೆ ಬಾಗಿದ, ದಪ್ಪನೆಯ, ಸೀಳಿಲ್ಲದ ಎಲೆ.

ತಪ್ಪಿಗೆ ಕಾರಣವೂ ಇದೆ. ವಾಟಲ್‌ಗಳಲ್ಲಿ, ಅಂದರೆ ಅಕೇಶಿಯಾ ಕುಲದ ಗಿಡಗಳಲ್ಲಿ, ಸಾವಿರಕ್ಕೂ ಹೆಚ್ಚು ಜಾತಿಗಳಿವೆ, ಹೆಚ್ಚುಕಡಿಮೆ ಎಲ್ಲವೂ ಆಸ್ಟ್ರೇಲಿಯಾದವು. ಹೂವಿನಲ್ಲಿ ಇರುವುದು ಎರಡೇ ದೊಡ್ಡ ಬಗೆ: ಒಂದು ಗುಂಡು, ಇನ್ನೊಂದು ಕಡ್ಡಿಯಂತೆ ಉದ್ದನೆಯ ತೆನೆ. ಬಣ್ಣ ಬಹುತೇಕ ಹಳದಿ, ಇಲ್ಲವೇ ಕೆನೆ. ಸಾವಿರ ಜಾತಿಗಳನ್ನು ಇಷ್ಟರಲ್ಲಿ ಬೇರ್ಪಡಿಸಲು ಯಾರಿಗೂ ಆಗದು. ಹೂವು ವರ್ಷದಲ್ಲಿ ಕೆಲವೇ ವಾರ ಇರುತ್ತದೆ, ಎಲೆ ಹನ್ನೆರಡು ತಿಂಗಳೂ ಮರದಲ್ಲೇ ಇರುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು.

ರೂಢಿಯ ಹೆಸರುಗಳನ್ನು ನಂಬಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ವಾಟಲ್ ಎಂದರೆ ಇಂಗ್ಲಿಷಿನಲ್ಲಿ ಮೂಲತಃ ಕಡ್ಡಿ ಹೆಣೆದ ತಡಿಕೆ. ಮೊದಲು ನೆಲೆಸಿದ ವಲಸಿಗರು ಬಾಗುವ ಕೊಂಬೆಗಳನ್ನು ಹೆಣೆದು, ಮಣ್ಣು ಮೆತ್ತಿ ಗೋಡೆ ಮಾಡಿಕೊಂಡರು. ತಡಿಕೆಗೆ ಒದಗಿದ ಗಿಡಕ್ಕೂ ಅದೇ ಹೆಸರು ಅಂಟಿತು. ಸಿಡ್ನಿಯಲ್ಲಿ ‘ಬ್ಲ್ಯಾಕ್ ವಾಟಲ್’ ಎಂದು ಕರೆಸಿಕೊಂಡ ಕ್ಯಾಲಿಕೋಮ ಎಂಬ ಗಿಡ ಅಕೇಶಿಯಾ ಕುಲಕ್ಕೆ ಸೇರಿದ್ದೇ ಅಲ್ಲ. ಈಗ ಅದೇ ಹೆಸರು ಅಕೇಶಿಯಾ ಮಿಯರ್ನ್ಸಿಗೂ ಇದೆ, ‘ಅರ್ಲಿ’ ಎಂಬ ವಿಶೇಷಣ ಸೇರಿಸಿ ಅಕೇಶಿಯಾ ಡಿಕರೆನ್ಸ್‌ಗೂ ಇದೆ (ಮುಂದೆ ‘ಅಕೇಶಿಯಾ’ ಬಿಟ್ಟು ಎರಡನೆಯ ಹೆಸರನ್ನಷ್ಟೇ ಬರೆದಿದೆ). ಲಾಂಗಿಫೋಲಿಯಕ್ಕೆ ‘ಸಿಡ್ನಿ ಗೋಲ್ಡನ್ ವಾಟಲ್’ ಎನ್ನುತ್ತಾರೆ, ಸಲಿಗ್ನಕ್ಕೆ ‘ಗೋಲ್ಡನ್ ರೆತ್ ವಾಟಲ್’. ಇನ್ನು ನಮ್ಮ ಕರಿಜಾಲಿಯೂ ಅಕೇಶಿಯಾ ತಾನೇ ಎಂದು ಕೇಳುವವರಿದ್ದಾರೆ. ಹಿಂದೆ ಹೌದು. 2005ರಲ್ಲಿ ವಿಯೆನ್ನಾದಲ್ಲಿ ನಡೆದ ಸಸ್ಯವಿಜ್ಞಾನ ಸಮ್ಮೇಳನ ಅಕೇಶಿಯಾ ಎಂಬ ಹೆಸರನ್ನು ಆಸ್ಟ್ರೇಲಿಯಾದ ಗುಂಪಿಗೇ ಉಳಿಸಿತು, 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದೇ ಖಚಿತವಾಯಿತು. ಕರಿಜಾಲಿ ಈಗ ವ್ಯಾಚೆಲಿಯಾ, ಕಗ್ಗಲಿ ಸೆನೆಗಾಲಿಯಾ.

ಎಲೆ ನೋಡಲು ಬೇಕಾದ ಸಾಮಾನು ಕಡಿಮೆ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೆನ್ಸ್ ಒಂದು, ಮಿಲಿಮೀಟರ್ ಗೆರೆಗಳಿರುವ ಪಾರದರ್ಶಕ ಅಳತೆಪಟ್ಟಿ ಒಂದು. ಎಲೆಯನ್ನು ಬೆಳೆದ ಮರದ, ಬಿಸಿಲು ಬೀಳುವ ಕೊಂಬೆಯ ನಡುಭಾಗದಿಂದ ಆರಿಸಬೇಕು. ತುದಿಯ ಎಳೆ ಎಲೆ, ಕಡಿದ ಬುಡದಿಂದ ಎದ್ದ ಚಿಗುರು, ನೆರಳಿನ ಎಲೆ ಮೂರೂ ಮೋಸ ಮಾಡುತ್ತವೆ. ನೆರಳಿನ ಎಲೆ ಸಾಮಾನ್ಯಕ್ಕಿಂತ ಅಗಲವಾಗುತ್ತದೆ, ಬುಡದ ಚಿಗುರು ಕೆಲವು ಜಾತಿಗಳಲ್ಲಿ ಬೇರೆ ಆಕಾರದ ಎಲೆಯನ್ನೇ ಬಿಡುತ್ತದೆ. ಬೇರೆ ಬೇರೆ ಕೊಂಬೆಗಳಿಂದ ಕನಿಷ್ಠ ಐದು ಎಲೆ ನೋಡದೆ ಹೆಸರು ಹೇಳಬಾರದು.

ಮೊದಲ ಪ್ರಶ್ನೆ: ಎಲೆ ಗರಿಯಂತೆ ಸೀಳಿದೆಯೋ, ಇಡಿಯಾಗಿದೆಯೋ? ಇಡಿಯಾಗಿ ಕಾಣುವ ವಾಟಲ್ ಎಲೆ ಸಸ್ಯವಿಜ್ಞಾನದ ಲೆಕ್ಕದಲ್ಲಿ ತೊಟ್ಟು. ಅಗಲವಾಗಿ ಚಪ್ಪಟೆಯಾದ ತೊಟ್ಟೇ ಎಲೆಯ ಕೆಲಸ ಮಾಡುತ್ತದೆ, ಅದಕ್ಕೆ ಫಿಲ್ಲೋಡ್ ಎಂದು ಹೆಸರು. ನಂಬದವರು ಬೀಜ ಬಿತ್ತಿ ನೋಡಬಹುದು. ಮೊದಲ ಕೆಲವು ಎಲೆಗಳು ಅಪ್ಪಟ ಗರಿ ಎಲೆಗಳೇ. ಆಮೇಲೆ ಬರುವವುಗಳಲ್ಲಿ ತೊಟ್ಟು ಅಗಲವಾಗುತ್ತಾ ತುದಿಯಲ್ಲಿ ಗರಿ ಉಳಿದಿರುತ್ತದೆ. ಕೊನೆಗೆ ಗರಿ ಇಲ್ಲವಾಗಿ ತೊಟ್ಟು ಮಾತ್ರ ನಿಲ್ಲುತ್ತದೆ. ಹಾಗಾಗಿ ಮೊಣಕಾಲೆತ್ತರದ ಸಸಿಯನ್ನು ನೋಡಿ ಗುಂಪು ನಿರ್ಧರಿಸುವುದು ತಪ್ಪು. ಬ್ಲ್ಯಾಕ್‌ವುಡ್ ಎಂದು ಕರೆಯುವ ಮೆಲನಾಕ್ಸಿಲಾನ್‌ನಲ್ಲಂತೂ ಸಾಕಷ್ಟು ಬೆಳೆದ ಗಿಡದಲ್ಲೂ ಎರಡೂ ಬಗೆಯ ಎಲೆ ಒಟ್ಟಿಗೆ ಕಾಣುತ್ತವೆ.

ಗರಿ ಎಲೆಯ ಗುಂಪಿನಲ್ಲಿ ಹೆಚ್ಚು ಅದಲುಬದಲಾಗುವುದು ಮೂರು: ಡೀಆಲ್ಬಾಟ, ಮಿಯರ್ನ್ಸಿ, ಡಿಕರೆನ್ಸ್. ತಜ್ಞರೂ ಇಲ್ಲಿ ದಶಕಗಳ ಕಾಲ ಎಡವಿದ್ದಾರೆ. ಮಿಯರ್ನ್ಸಿಯನ್ನು ಹಳೆಯ ಅರಣ್ಯ ಪುಸ್ತಕಗಳು ಮೊಲಿಸ್ಸಿಮ ಎಂದೋ ಡಿಕರೆನ್ಸ್‌ನ ಒಂದು ಬಗೆ ಎಂದೋ ಬರೆದುಕೊಂಡು ಬಂದವು. ಈಗಿನ ಹೆಸರು ಅದಕ್ಕೆ ದಕ್ಕಿದ್ದು 1925ರಲ್ಲಿ. ಅದೂ ಕೀನ್ಯಾದಲ್ಲಿ ನೆಟ್ಟು ಬೆಳೆಸಿದ ಮರದಿಂದ ಮಿಯರ್ನ್ಸ್ ಎಂಬಾತ ಸಂಗ್ರಹಿಸಿದ ಮಾದರಿಯ ಆಧಾರದಲ್ಲಿ. ಹಳೆಯ ಪುಸ್ತಕದ ಡಿಕರೆನ್ಸ್ ಇಂದಿನ ಡಿಕರೆನ್ಸ್ ಆಗಿರಲೇಬೇಕೆಂದಿಲ್ಲ ಎಂಬುದನ್ನು ಅಂಕಿ ಅಂಶ ಎತ್ತಿ ಬರೆಯುವವರು ನೆನಪಿಡಬೇಕು.

ಈ ಮೂರನ್ನು ಬಿಡಿಸುವ ಕೀಲಿ ಎಲೆಯ ನಡುದಂಡಿನ ಮೇಲಿದೆ. ಗರಿಗಳು ಜೋಡಿಜೋಡಿಯಾಗಿ ಸೇರುವ ಆ ದಂಡನ್ನು ಮೇಲ್ಭಾಗದಿಂದ ಲೆನ್ಸ್ ಹಿಡಿದು ನೋಡಿದರೆ ಸಾಸಿವೆಗಿಂತ ಸಣ್ಣ ಉಬ್ಬುಗಳು ಸಿಗುತ್ತವೆ. ಇವು ಗ್ರಂಥಿಗಳು. ಡೀಆಲ್ಬಾಟದಲ್ಲಿ ಗರಿಜೋಡಿ ಸೇರುವ ಕಡೆ ಮಾತ್ರ ಒಂದೊಂದು ಗ್ರಂಥಿ. ಎರಡು ಜೋಡಿಗಳ ನಡುವಿನ ದಂಡು ಬರಿದು. ಮಿಯರ್ನ್ಸಿಯಲ್ಲಿ ಜೋಡಿ ಸೇರುವಲ್ಲಿಯೂ ಇರುತ್ತದೆ, ನಡುನಡುವೆ ಕ್ರಮವಿಲ್ಲದೆ ಒಂದೆರಡು ಹೆಚ್ಚಿಗೆ ಸಿಗುತ್ತವೆ. ಈ ನಡುವಿನ ಗ್ರಂಥಿಯೇ ಮಿಯರ್ನ್ಸಿಯ ಸಹಿ. ಎಲ್ಲ ಜೋಡಿಗಳ ನಡುವೆಯೂ ಇರಬೇಕೆಂದಿಲ್ಲವಾದ್ದರಿಂದ ಒಂದೇ ಎಲೆ ನೋಡಿ ‘ಇಲ್ಲ’ ಎಂದರೆ ಮೋಸಹೋಗುತ್ತೀರಿ. ಐದು ಎಲೆಯ ನಿಯಮ ಹೆಚ್ಚು ಬೇಕಾಗುವುದು ಇಲ್ಲೇ. ಕೆಳಗಿನಿಂದ ನೋಡಿದರೆ ಗ್ರಂಥಿ ಕಾಣುವುದೇ ಇಲ್ಲ. ಇನ್ನೊಂದು ತೊಡಕು ಶಲ್ಕ ಕೀಟಗಳದ್ದು. ದಂಡಿಗೆ ಅಂಟಿ ಕುಳಿತ ಕೀಟ ಥೇಟ್ ಗ್ರಂಥಿಯಂತೆಯೇ ಕಾಣುತ್ತದೆ. ಉಗುರಿನ ತುದಿಯಿಂದ ಮೆಲ್ಲಗೆ ತಳ್ಳಿ: ಕೀಟ ಕಿತ್ತು ಬರುತ್ತದೆ, ಗ್ರಂಥಿ ಕದಲುವುದಿಲ್ಲ.

ಡಿಕರೆನ್ಸ್‌ಗೆ ಲೆನ್ಸ್ ಕೂಡ ಬೇಡ, ಬೆರಳು ಸಾಕು. ಎಳೆರೆಂಬೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿದರೆ ಉದ್ದಕ್ಕೂ ಎದ್ದ ಏಣುಗಳು ಒತ್ತುತ್ತವೆ. ಎಲೆಯ ಬುಡದಿಂದ ಕೆಳಕ್ಕೆ ರೆಕ್ಕೆಯಂತೆ ಇಳಿದುಬರುವ ಈ ಏಣಿನಿಂದಲೇ ಅದಕ್ಕೆ ಆ ಲ್ಯಾಟಿನ್ ಹೆಸರು ಬಂದಿದೆ. ಡೀಆಲ್ಬಾಟದ ರೆಂಬೆಯಲ್ಲೂ ಮೂಲೆಗಳಿವೆ, ಆದರೆ ಹೀಗೆ ರೆಕ್ಕೆ ಏಳುವುದಿಲ್ಲ. ಕಿರುಎಲೆಗಳ ಅಳತೆಯೂ ಇದನ್ನೇ ಖಚಿತಪಡಿಸುತ್ತದೆ. ಡಿಕರೆನ್ಸ್‌ನ ಕಿರುಎಲೆ 5ರಿಂದ 15 ಮಿ.ಮೀ. ಉದ್ದ, ದಾರದಂತೆ ಕಿರಿದು, ಒಂದರಿಂದ ಇನ್ನೊಂದು ದೂರ ದೂರ. ಹಸಿರು ಗಾಢ, ನವಿರು (ಸಣ್ಣ ಕೂದಲು) ಇಲ್ಲ. ಮಿಯರ್ನ್ಸಿಯ ಕಿರುಎಲೆ 4 ಮಿ.ಮೀ. ದಾಟುವುದು ಅಪರೂಪ, ಒತ್ತೊತ್ತಾಗಿ ಕೂತಿರುತ್ತದೆ, ಬಣ್ಣ ಕಪ್ಪು ಬೆರೆತ ಹಸಿರು, ಎಳೆಯ ತುದಿಗಳಲ್ಲಿ ಹೊಂಬಣ್ಣದ ನವಿರು. ಡೀಆಲ್ಬಾಟದ ಕಿರುಎಲೆಯೂ ಸಣ್ಣದೇ, ಸಾಮಾನ್ಯವಾಗಿ 2ರಿಂದ 5 ಮಿ.ಮೀ.; ಆದರೆ ಇಡೀ ಮರಕ್ಕೆ ಬೂದಿ ಎರಚಿದಂತೆ ಬೆಳ್ಳಿಯ ಛಾಯೆ. ಬಣ್ಣವನ್ನೊಂದೇ ನಂಬಿ ಕೂರಬೇಡಿ, ಮೋಡದ ದಿನ ತೆಗೆದ ಫೋಟೋದಲ್ಲಿ ಮೂರೂ ಬೂದಿಯೇ.

ಕಾಯಿ ಸಿಕ್ಕರೆ ತಾಳೆ ನೋಡಬಹುದು. ಮಿಯರ್ನ್ಸಿಯ ಕಾಯಿ ಬೀಜಬೀಜದ ನಡುವೆ ಸೊಂಟ ಬಿಗಿದಂತೆ ಕಿರಿದಾಗಿ ಮಣಿಸರದ ಹಾಗೆ ಕಾಣುತ್ತದೆ. ಡೀಆಲ್ಬಾಟದ್ದು ಅದಕ್ಕಿಂತ ಅಗಲ, ಚಪ್ಪಟೆ, ಅಂಚು ಹೆಚ್ಚುಕಡಿಮೆ ನೇರ. ಹೂವಿನ ಕಾಲವೂ ಬೇರೆ. ಆಸ್ಟ್ರೇಲಿಯಾದಲ್ಲಿ ಡೀಆಲ್ಬಾಟ ಮತ್ತು ಡಿಕರೆನ್ಸ್ ಚಳಿಗಾಲ ಮುಗಿಯುವ ಹೊತ್ತಿಗೆ, ಜುಲೈ ಆಗಸ್ಟ್‌ನಿಂದಲೇ ಅರಳಿದರೆ, ಮಿಯರ್ನ್ಸಿ ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ತಿಳಿ ಹಳದಿ ಹೂ ಬಿಡುತ್ತದೆ.

ಗುರುತು ತಪ್ಪಿದರೆ ಏನು ಮಹಾ ಎಂದರೆ, ಚರ್ಮ ಹದಮಾಡುವ ಟ್ಯಾನಿನ್‌ಗಾಗಿ ಬೆಳೆಸುವುದು ಮಿಯರ್ನ್ಸಿಯ ತೊಗಟೆ. ಡೀಆಲ್ಬಾಟದ ತೊಗಟೆ ಆ ಕೆಲಸಕ್ಕೆ ಅಷ್ಟು ಬಾಳುವುದಿಲ್ಲ. ಬೇಡದ ಕಡೆ ಬೆಳೆದದ್ದನ್ನು ತೆಗೆಯುವಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ. ಡೀಆಲ್ಬಾಟವನ್ನು ಬುಡಕ್ಕೆ ಕಡಿದುಬಿಟ್ಟರೆ ಬೇರಿನಿಂದ ಸುತ್ತಲೂ ಕಂದುಗಳು, ಅಂದರೆ ಹೊಸ ಚಿಗುರುಗಳು, ಏಳುತ್ತವೆ, ಒಂದು ಮರವಿದ್ದ ಜಾಗ ಪೊದೆಯಾಗುತ್ತದೆ. ಮಿಯರ್ನ್ಸಿಯ ಕಾಟ ಹೆಚ್ಚಾಗಿ ಮಣ್ಣಲ್ಲಿ ಉಳಿದ ಬೀಜದಿಂದ. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ನಾಟುವುದಿಲ್ಲ.

ಗರಿ ಎಲೆಯವುಗಳಲ್ಲಿ ಕೂಟಮಂಡ್ರ ವಾಟಲ್ ಅಂದರೆ ಬೇಲಿಯಾನ ಸುಲಭ. ಎಲೆ ಬೆರಳುದ್ದವೂ ಇಲ್ಲ, ಗರಿಜೋಡಿಗಳು ಎರಡರಿಂದ ಆರು, ಸಾಮಾನ್ಯವಾಗಿ ಮೂರೋ ನಾಲ್ಕೋ. ತೊಟ್ಟು ಇಲ್ಲವೇ ಇಲ್ಲ ಎನ್ನುವಷ್ಟು ಗಿಡ್ಡ. ಕೆಳಗಿನ ಗರಿಜೋಡಿ ಉಳಿದವಕ್ಕಿಂತ ಚಿಕ್ಕದಾಗಿ ರೆಂಬೆಯನ್ನು ತಬ್ಬಿಕೊಂಡಂತೆ ಹಿಂದಕ್ಕೆ ಬಾಗಿರುತ್ತದೆ. ಎಲೆಯ ನೀಲಿ ಬೂದು ಬಣ್ಣ ಮೇಣದ್ದು. ಇದರ ಮೂಲ ನೆಲೆ ನ್ಯೂ ಸೌತ್ ವೇಲ್ಸ್‌ನ ಕೂಟಮಂಡ್ರದ ಸುತ್ತಲಿನ ಸಣ್ಣ ಪ್ರದೇಶ. ತೋಟಗಳಿಂದ ತಪ್ಪಿಸಿಕೊಂಡು ಈಗ ಬಹುದೂರ ಹಬ್ಬಿದೆ. ಡೀಆಲ್ಬಾಟ, ಡಿಕರೆನ್ಸ್ ಎರಡರ ಜೊತೆಗೂ ಬೆರಕೆಯಾಗುತ್ತದೆ. ಗರಿಜೋಡಿಗಳ ಸಂಖ್ಯೆ ಎರಡೂ ಕಡೆಗೆ ಹೊಂದದೆ ನಡುವೆ ನಿಂತಿದೆ, ತೊಟ್ಟು ಇದ್ದೂ ಇಲ್ಲದಂತಿದೆ ಎಂದಾದರೆ ಬಲವಂತವಾಗಿ ಒಂದು ಹೆಸರು ಹಚ್ಚುವುದಕ್ಕಿಂತ ‘ಬೆರಕೆ’ ಎಂದು ಬರೆದಿಡುವುದೇ ಸರಿ.

ಈಗ ಫಿಲ್ಲೋಡ್‌ಗಳು. ಇವುಗಳ ಚಪ್ಪಟೆ ಮೈ ಆಕಾಶ ನೋಡುವುದಿಲ್ಲ, ಎಡಕ್ಕೂ ಬಲಕ್ಕೂ ತಿರುಗಿರುತ್ತದೆ, ಅಂಚು ಮೇಲಕ್ಕೆ. ಕೀಳುವ ಮೊದಲೇ ಯಾವ ಅಂಚು ಮೇಲಿನದು ಎಂದು ಗುರುತು ಹಾಕಿಕೊಳ್ಳಬೇಕು. ರೆಂಬೆಯ ತುದಿಯ ಕಡೆಗಿರುವ ಅಂಚೇ ಮೇಲಂಚು, ಗ್ರಂಥಿ ಇರುವುದೂ ಅದರಲ್ಲೇ. ಆಮೇಲೆ ಎಲೆಯನ್ನು ಬೆಳಕಿಗೆ ಹಿಡಿದು ನರ ಎಣಿಸಬೇಕು. ಹೊಸಬರು ಅಂಚಿನ ದಪ್ಪ ಗೆರೆಯನ್ನೂ ನರವೆಂದು ಲೆಕ್ಕ ಹಿಡಿದು ಒಂದರ ಬದಲು ಮೂರು ಬರೆಯುತ್ತಾರೆ. ಅಂಚನ್ನು ಬಿಟ್ಟು, ಬುಡದಿಂದ ತುದಿಯವರೆಗೆ ಬರಿಗಣ್ಣಿಗೆ ಕಾಣುವಂತೆ ಓಡುವುದನ್ನು ಮಾತ್ರ ಎಣಿಸಿ.

ಒಂದೇ ನಡುನರವಿದ್ದರೆ ಪಿಕ್ನಾಂತ, ಸಲಿಗ್ನಗಳ ಬಳಗ. ಎರಡು, ಮೂರು, ಐದು ಎಂದು ಸಮಾಂತರವಾಗಿ ಓಡಿದರೆ ಲಾಂಗಿಫೋಲಿಯ, ಮೆಲನಾಕ್ಸಿಲಾನ್‌ಗಳ ಬಳಗ. ‘ರಾಷ್ಟ್ರೀಯ ಪುಷ್ಪ’ದ ಚಿತ್ರಗಳಲ್ಲಿ ಅರ್ಧ ಗೊಂದಲ ಇಷ್ಟರಿಂದಲೇ ಹರಿಯುತ್ತದೆ. ಸಿಡ್ನಿ ಗೋಲ್ಡನ್ ವಾಟಲ್‌ನ ಎಲೆಯಲ್ಲಿ ಒಂದಕ್ಕಿಂತ ಹೆಚ್ಚು ಎದ್ದುಕಾಣುವ ನರಗಳಿವೆ, ಹೂವು ಕಡ್ಡಿಯಂತೆ ಉದ್ದ. ಪಿಕ್ನಾಂತದಲ್ಲಿ ನರ ಒಂದು, ಹೂವು ಗುಂಡು.

ಪಿಕ್ನಾಂತ ಮತ್ತು ಸಲಿಗ್ನ ಮಾತ್ರ ನಿಜಕ್ಕೂ ತಲೆಕೆಡಿಸುತ್ತವೆ. ಎರಡಕ್ಕೂ ಒಂದೇ ನರ, ಎರಡಕ್ಕೂ ಬುಡದ ಹತ್ತಿರ ಮೇಲಂಚಿನಲ್ಲಿ ಗ್ರಂಥಿ, ಎರಡರ ಹೂವೂ ಗುಂಡಗೆ ಹಳದಿ. ಪಿಕ್ನಾಂತದ ಫಿಲ್ಲೋಡ್ ತೊಗಲಿನಂತೆ ದಪ್ಪ, ಹೊಳಪಿನ ಹಸಿರು, ಕುಡುಗೋಲಿನ ಬಾಗು ಸ್ಪಷ್ಟ, ಉದ್ದ 6ರಿಂದ 20 ಸೆಂ.ಮೀ. ಸಲಿಗ್ನದ್ದು ತೆಳು, ಸಾಮಾನ್ಯವಾಗಿ ನೀಲಿಮಿಶ್ರಿತ ಹಸಿರು, 25 ಸೆಂ.ಮೀ.ವರೆಗೂ ಬೆಳೆದು ಜೋಲುಬೀಳುತ್ತದೆ. ಆದರೆ ಸಲಿಗ್ನ ಒಂದೇ ಮರದಲ್ಲಿ ಬೇರೆ ಬೇರೆ ಅಗಲ ತೋರಿಸಬಲ್ಲದು, ಹಾಗಾಗಿ ಅಳತೆಯೊಂದರಿಂದಲೇ ತೀರ್ಪು ಕೊಡಬಾರದು. ಸಲಿಗ್ನದ ಮೂಲ ಆಸ್ಟ್ರೇಲಿಯಾದ ನೈಋತ್ಯ ಮೂಲೆ, ಪಿಕ್ನಾಂತದ್ದು ಆಗ್ನೇಯ ಭಾಗ. ಕಾಡಿನಲ್ಲಿ ಸಿಕ್ಕ ಗಿಡಕ್ಕೆ ಊರಿನ ಹೆಸರೇ ಅರ್ಧ ಉತ್ತರ. ಎರಡೂ ಕಳೆಯಾಗಿ ಹಬ್ಬಿರುವ ದಕ್ಷಿಣ ಆಫ್ರಿಕಾದಲ್ಲಿ ಬೇರೊಂದು ಸುಳಿವಿದೆ. ಅಲ್ಲಿ ಸಲಿಗ್ನವನ್ನು ಹತೋಟಿಗೆ ತರಲು 1987ರಲ್ಲಿ ತುಕ್ಕುರೋಗದ ಶಿಲೀಂಧ್ರವೊಂದನ್ನು ಬಿಟ್ಟರು, ಅದರಿಂದ ರೆಂಬೆಗಳಲ್ಲಿ ದೊಡ್ಡ ಕಂದು ಗಂಟುಗಳೇಳುತ್ತವೆ. ಪಿಕ್ನಾಂತದಲ್ಲಿ ಗಂಟು ಎಬ್ಬಿಸುವುದು ಮೊಗ್ಗಿನಲ್ಲಿ ಮೊಟ್ಟೆಯಿಡುವ ಸಣ್ಣ ಕಣಜ. ಗಂಟನ್ನು ಚಾಕುವಿನಿಂದ ಸೀಳಿದಾಗ ಒಳಗೆ ಕೋಣೆಗಳೂ ಮರಿಹುಳುಗಳೂ ಇದ್ದರೆ ಕಣಜದ್ದು; ಕಂದು ಪುಡಿಯಾಗಿ ಉದುರಿದರೆ ಶಿಲೀಂಧ್ರದ್ದು.

ಹಲವು ನರಗಳ ಬಳಗದಲ್ಲಿ ಮೆಲನಾಕ್ಸಿಲಾನ್‌ಗೂ ಇಂಪ್ಲೆಕ್ಸಕ್ಕೂ ಹೆಚ್ಚು ಗೊಂದಲ. ಎರಡರಲ್ಲೂ ಮೂರರಿಂದ ಏಳರವರೆಗೆ ಉದ್ದನರಗಳು, ಅವುಗಳ ನಡುವೆ ಸಣ್ಣ ನರಗಳ ಜಾಲ. ಇಂಪ್ಲೆಕ್ಸದ ಎಲೆ ಸಾಮಾನ್ಯವಾಗಿ ಹೆಚ್ಚು ಉದ್ದ, ಹೆಚ್ಚು ಬಾಗು. ಎಲೆಗಿಂತ ರೆಂಬೆ ಇಲ್ಲಿ ಚೆನ್ನಾಗಿ ಸಾಕ್ಷಿ ಹೇಳುತ್ತದೆ: ಮೆಲನಾಕ್ಸಿಲಾನ್‌ನ ಎಳೆರೆಂಬೆಗೆ ಮೂಲೆಗಳೂ ಅವುಗಳ ಮೇಲೆ ನವಿರೂ ಇವೆ, ಇಂಪ್ಲೆಕ್ಸದ್ದು ಉರುಟು, ನುಣುಪು. ಒಣಗಿ ಬಿರಿದ ಕಾಯಿ ಕೆಳಗೆ ಬಿದ್ದಿದ್ದರೆ ಸಂಶಯಕ್ಕೆ ಎಡೆಯೇ ಇಲ್ಲ. ಮೆಲನಾಕ್ಸಿಲಾನ್‌ನ ಕಪ್ಪು ಬೀಜದ ಸುತ್ತ ಕೆಂಪು ಬೆರೆತ ಗುಲಾಬಿ ಬಣ್ಣದ ಎಳೆ ಸುತ್ತಿಕೊಂಡಿರುತ್ತದೆ. ಇಂಪ್ಲೆಕ್ಸದಲ್ಲಿ ಆ ಎಳೆ ಬಿಳಿಚಾಗಿ, ಬೀಜದ ಕೆಳಗೆ ಮಡಚಿ ಕೂತಿರುತ್ತದೆ. ಕಡಲಂಚಿನ ಸೈಕ್ಲಾಪ್ಸ್‌ನಲ್ಲೂ ಬೀಜದ ಸುತ್ತ ಕಿತ್ತಳೆಗೆಂಪಿನ ಉಂಗುರವಿದೆ, ಅದಕ್ಕೇ ಕಣ್ಣಿನ ಹೆಸರು. ಅದರ ಎಲೆ ಮಾತ್ರ ಗಿಡ್ಡ, ದಪ್ಪ, ನರಗಳ ನಡುವೆ ಮೆಲನಾಕ್ಸಿಲಾನ್‌ನಂತೆ ಒತ್ತಾದ ಜಾಲ ಎದ್ದು ಕಾಣುವುದಿಲ್ಲ.

ಕನ್ನಡದ ಓದುಗರಿಗೆ ಬರಿಯ ‘ಅಕೇಶಿಯಾ’ ಎಂದರೆ ಕಣ್ಣಿಗೆ ಬರುವವು ಆರಿಕ್ಯುಲಿಫಾರ್ಮಿಸ್ ಮತ್ತು ಮ್ಯಾಂಜಿಯಂ. ಎರಡೂ ಉತ್ತರ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಬಿಸಿ ನಾಡಿನವು. ಮ್ಯಾಂಜಿಯಂ ಎಲೆ ಅಂಗೈಯಗಲ, 10 ಸೆಂ.ಮೀ.ವರೆಗೂ ಹೋಗುತ್ತದೆ, ಮುಖ್ಯ ನರಗಳು ಸಾಮಾನ್ಯವಾಗಿ ನಾಲ್ಕು, ಎಳೆರೆಂಬೆ ಮುಮ್ಮೂಲೆ, ಬೆರಳಿಗೆ ಚೂಪಾಗಿ ತಗಲುತ್ತದೆ, ಹೂತೆನೆ ಕೆನೆಬಿಳಿ. ಆರಿಕ್ಯುಲಿಫಾರ್ಮಿಸ್ ಎಲೆ ಎರಡು ಮೂರು ಬೆರಳಗಲದ ಕುಡುಗೋಲು, ಮುಖ್ಯ ನರ ಮೂರು, ಹೂತೆನೆ ಹಳದಿ. ಎರಡರಲ್ಲೂ ನರಗಳು ಬುಡದಲ್ಲಿ ಕೆಳಂಚಿಗೆ ಸರಿದು ಒಂದಾಗುತ್ತವೆ, ಎರಡರ ಕಾಯಿಯೂ ಸುರುಳಿ. ಹಾಗಾಗಿ ಕಾಯಿ ತೋರಿಸಿ ‘ಇದು ಆರಿಕ್ಯುಲಿಫಾರ್ಮಿಸ್’ ಎನ್ನುವುದರಲ್ಲಿ ಅರ್ಥವಿಲ್ಲ. ಇವೆರಡರ ಬೆರಕೆಯನ್ನು ನೆಡುತೋಪುಗಳಲ್ಲಿ ಬೇಕೆಂದೇ ಬೆಳೆಸುತ್ತಾರೆ, ಅದರ ಎಲೆಯಗಲ ಎರಡರ ನಡುವೆ.

ಬೆಳ್ಳಿ ಬಣ್ಣದ ಗಿಡ್ಡ ಎಲೆಯ ಪೊಡಲಿರಿಫೋಲಿಯ, ಕಲ್ಟ್ರಿಫಾರ್ಮಿಸ್‌ಗಳಿಗೆ ಒಂದೇ ಪರೀಕ್ಷೆ: ಬೆರಳಿನಿಂದ ಉಜ್ಜಿ. ಮೊದಲನೆಯದು ಮಖಮಲ್ಲಿನಂತಿದ್ದು ಉಜ್ಜಿದರೂ ಬೂದು ಬಣ್ಣ ಹೋಗುವುದಿಲ್ಲ, ಏಕೆಂದರೆ ಅದು ನವಿರು. ಎರಡನೆಯದರಲ್ಲಿ ಮೇಣ ಅಳಿಸಿ ಹಸಿರು ಹೊರಬೀಳುತ್ತದೆ. ಅದರ ಮೇಲಂಚು ತ್ರಿಕೋನದಂತೆ ಎದ್ದಿದ್ದು ಆ ಮೂಲೆಯಲ್ಲೇ ಗ್ರಂಥಿ. ಅಂದಹಾಗೆ, ಜಾಲಿಯಂತೆ ಮುಳ್ಳಿದ್ದರೆ ಆಸ್ಟ್ರೇಲಿಯಾದ ವಾಟಲ್ ಅಲ್ಲ ಎಂಬ ಸುಲಭ ಸೂತ್ರವನ್ನು ಪ್ಯಾರಡಾಕ್ಸ ಎಂಬ ಜಾತಿ ಕೆಡಿಸುತ್ತದೆ. ಅದಕ್ಕೆ ಎಲೆಬುಡದಲ್ಲಿ ಜೋಡಿ ಮುಳ್ಳು ಇದೆ, ಆದರೆ ಎಲೆ ಅಂಚು ಸುಕ್ಕಾದ ಫಿಲ್ಲೋಡ್. ಕೇಪ್ ಲೀವಿನ್ ವಾಟಲ್ ಎಂಬುದೊಂದಿದೆ, ಹೆಸರಲ್ಲಿ ಮಾತ್ರ ವಾಟಲ್. ಅದು ಪ್ಯಾರಾಸೆರಿಯಾಂತಸ್ ಕುಲದ್ದು, ಹಸಿರು ಹಳದಿ ಹೂವು ಬಾಟಲಿ ತೊಳೆಯುವ ಬ್ರಷ್‌ನಂತಿರುತ್ತದೆ.

ಮಾದರಿ ಒಣಗಿಸುವವರಿಗೆ ಎರಡು ಮಾತು. ಗರಿ ಎಲೆ ಕಿತ್ತ ಸ್ವಲ್ಪ ಹೊತ್ತಿಗೆ ಮುದುಡಿಕೊಳ್ಳಬಹುದು, ಒಣಗಿದ ಮೇಲೆ ಕಿರುಎಲೆ ಉದುರುತ್ತದೆ. ಅಳತೆ, ಗ್ರಂಥಿಯ ಎಣಿಕೆ ಎರಡನ್ನೂ ಮರದಡಿಯಲ್ಲೇ ಮುಗಿಸಿ, ತಡಮಾಡದೆ ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರಡಿ ಭಾರ ಹೇರಬೇಕು. ಮೊದಲ ಕೆಲವು ದಿನ ದಿನಕ್ಕೊಮ್ಮೆ ಹಾಳೆ ಬದಲಿಸದಿದ್ದರೆ ದಪ್ಪ ಫಿಲ್ಲೋಡ್‌ಗಳು ಬೂಷ್ಟು ಹಿಡಿಯುತ್ತವೆ. ಮೇಣದ ಬಣ್ಣ ಕೈ ತಾಗಿ ಅಳಿಸುವುದರಿಂದ, ಒಣಗಿದ ಮೇಲೆ ತಿಳಿಯದ ಎಲೆಬಣ್ಣ, ಹೂವಿನ ಬಣ್ಣ, ಮರದ ಎತ್ತರ, ಬುಡದ ಸುತ್ತ ಕಂದು ಎದ್ದಿದೆಯೇ ಎಂಬುದನ್ನು ಅಲ್ಲೇ ಚೀಟಿಯಲ್ಲಿ ಬರೆದಿಡಬೇಕು.

ಪತ್ರಿಕೆಗೆ ಚಿತ್ರ ಕಳಿಸುವವರಿಂದ ಹೂವಿನ ಚಿತ್ರದ ಜೊತೆ ಇನ್ನೂ ಮೂರನ್ನು ಕೇಳಿ ಪಡೆಯಬಹುದು: ರೆಂಬೆಗೆ ಅಂಟಿಕೊಂಡೇ ಇರುವ ಎಲೆಯ ಬುಡ, ಮೇಲಂಚು ಅಥವಾ ನಡುದಂಡಿನ ಮೇಲ್ಭಾಗ ಕಾಣುವಂತೆ ಹತ್ತಿರದಿಂದ; ಬೆಳಕಿಗೆ ಹಿಡಿದ ಒಂದು ಎಲೆ, ಪಕ್ಕದಲ್ಲಿ ಅಳತೆಪಟ್ಟಿ; ಎಳೆರೆಂಬೆಯ ಒಂದು ಗೇಣು. ಇವು ಇಲ್ಲದಿದ್ದಾಗ ಚಿತ್ರದಡಿ ‘ಒಂದು ಬಗೆಯ ವಾಟಲ್’ ಎಂದಷ್ಟೇ ಅಚ್ಚುಹಾಕಿ, ‘ರಾಷ್ಟ್ರೀಯ ಪುಷ್ಪ’ ಎಂಬ ಮಾತನ್ನು ಒಂಟಿ ನರದ ಫಿಲ್ಲೋಡ್ ಕಂಡಮೇಲೆಯೇ ಪರಿಶೀಲನೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತೇವೆ.

ಇತಿ,
ಸಸ್ಯಾಸಕ್ತ ಓದುಗರು